ವಯಸ್ಕರ ಕಲಿಕೆ: ದೋಣಿಮಲೈ ಗಣಿಗೊಂದು ಪಾಠಯೋಜನೆ

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿಯಿದೆ. 1966ರ ಗಣಿ ವೃತ್ತಿ ತರಬೇತಿ ನಿಯಮಗಳಂತೆ ಗಣಿ ಕೆಲಸಕ್ಕೆ ಸೇರುವವರಿಗೆ ತರಬೇತಿ ಕಡ್ಡಾಯ. ಐದು ವರ್ಷಕ್ಕೊಮ್ಮೆ ಪುನಶ್ಚೇತನವೂ ಬೇಕು. ವಯಸ್ಕರ ಅನುಭವವೇ ಕಲಿಕೆಯ ಸಂಪನ್ಮೂಲ ಎಂಬುದು ಮಾಲ್ಕಂ ನೋಲ್ಸ್ ಅವರ ಪ್ರತಿಪಾದನೆ.

ಹಾಗಾಗಿ ಡಂಪರ್ ಸುರಕ್ಷತೆಯ ಪಾಠವನ್ನು ನಾನು ವ್ಯಾಖ್ಯೆಯಿಂದ ಆರಂಭಿಸಿಲ್ಲ. ಎಂಜಿನ್ ಆರಿಸಿ ನಿಲ್ಲಿಸಿದ ಡಂಪರಿನ ಚಾಲಕನ ಆಸನದಲ್ಲಿ ಕಲಿಕಾರ್ಥಿಯೊಬ್ಬರು ಕೂರುತ್ತಾರೆ. ಸುತ್ತ ನಿಂತವರು ಅವರಿಗೆ ಎಲ್ಲೆಲ್ಲಿ ಕಾಣುವುದಿಲ್ಲವೋ ಅಲ್ಲಿ ಉಳಿದವರು ಸುಣ್ಣದ ಗೆರೆ ಎಳೆಯುತ್ತಾರೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬ ಪ್ರೌಢಶಾಲೆಯ ಪಾಠ ಇಲ್ಲಿ ಜೀವ ಉಳಿಸುವ ತಿಳಿವಳಿಕೆ.

ಮೌಲ್ಯಮಾಪನಕ್ಕೆ ಲಿಖಿತ ಉತ್ತರ ಸಾಲದು. ಗೆರೆ ಅಳಿಸಿದ ಮೇಲೂ ಅವರು ಆ ಜಾಗ ಬಿಟ್ಟು ನಡೆಯುತ್ತಾರೆಯೇ ಎಂದು ಗಮನಿಸಬೇಕು.