ಮೂಲಿಕೆಯ ಸೇವನೆಯಲ್ಲಿ ವಿವೇಕ

ನಿಸರ್ಗದಲ್ಲಿ ದೊರೆತುದೆಲ್ಲವೂ ನಿರಪಾಯವೆಂಬ ನಂಬಿಕೆ ಜನಮನದಲ್ಲಿ ಬಲವಾಗಿ ಬೇರೂರಿದೆ. ಆದರೆ ವತ್ಸನಾಭಿ, ಗುಲಗಂಜಿ, ಉಮ್ಮತ್ತಿಗಳೂ ನಿಸರ್ಗದ ಸೃಷ್ಟಿಯೇ. ವಿಧಿವತ್ತಾಗಿ ಶೋಧಿಸಿ, ಅಳತೆಯರಿತು ಕೊಟ್ಟರೆ ಅವು ಔಷಧ, ಇಲ್ಲವಾದರೆ ಪ್ರಾಣಾಪಹಾರಿ. ಆದುದರಿಂದಲೇ ಇಂಥ ದ್ರವ್ಯಗಳು ಬೆರೆತ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಅವುಗಳ ಮೇಲೆ ಮುದ್ರಿಸತಕ್ಕುದೆಂದು ನಮ್ಮ ದೇಶದ ಔಷಧ ನಿಯಮಗಳು ವಿಧಿಸುತ್ತವೆ. ವಿಷಚಿಕಿತ್ಸೆಯನ್ನೇ ವಸ್ತುವಾಗಿಸಿಕೊಂಡು ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಪೂರ್ವಿಕರು ಈ ವಿಷಯವನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಹೆಸರಿನಲ್ಲಿಯೇ ಅಮೃತವುಳ್ಳ ಅಮೃತಬಳ್ಳಿಯ ನಿದರ್ಶನ ಇನ್ನೂ ಬೋಧಪ್ರದವಾದುದು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿಯೂ ಇದರ ಕಷಾಯ ಕುದಿಯಿತು. ಇದನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿಯನ್ನು ಹೋಲುವ 'ಟಿನೋಸ್ಪೋರಾ ಕ್ರಿಸ್ಪಾ' ಎಂಬ ಬಳ್ಳಿ ಹಾನಿಕರವಾಗಬಹುದೆಂದೂ ಎರಡನ್ನೂ ಬೇರ್ಪಡಿಸಿ ಗುರುತಿಸಬೇಕೆಂದೂ ಕೇಂದ್ರದ ಆಯುಷ್ ಸಚಿವಾಲಯ 2022ರಲ್ಲಿ ತಿಳಿಸಿತು. ಅದು ಹೇಳಿದ ಲಕ್ಷಣಗಳಂತೆ ಅಮೃತಬಳ್ಳಿಯ ಕಾಂಡ ಹಸುರು, ಹಾಲು ಒಸರದು. ಮತ್ತೊಂದರ ಕಾಂಡ ಬೂದುಬಣ್ಣದ್ದು, ಮೈತುಂಬ ಗಂಟು, ಮುರಿದರೆ ಹಾಲು.

ಗುರುತು ಸರಿಯಾದ ಮಾತ್ರಕ್ಕೆ ಅಪಾಯ ನೀಗಿತೆನ್ನಲಾಗದು. ದೇಶದ ಹಲವು ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನವು, ನಿಜವಾದ ಅಮೃತಬಳ್ಳಿಯೂ ಕೆಲವರಲ್ಲಿ, ಅದರಲ್ಲಿಯೂ ದೇಹದ ರಕ್ಷಣಾಶಕ್ತಿಯೇ ಸ್ವಂತ ಅಂಗದ ಮೇಲೆ ತಿರುಗಿಬೀಳುವ ಪ್ರವೃತ್ತಿಯುಳ್ಳವರಲ್ಲಿ, ಯಕೃತ್ತನ್ನು ಕೆಡಿಸಬಲ್ಲದೆಂದು ಸೂಚಿಸಿತು. ಸಕ್ಕರೆಕಾಯಿಲೆಯ ಗುಳಿಗೆ ನುಂಗುವವರು ಇದನ್ನೂ ಕುಡಿದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿಯಬಹುದು. ಗರ್ಭಿಣಿಯರು, ಎಳೆಯ ಮಕ್ಕಳು, ಯಕೃತ್ತಿನ ರೋಗಿಗಳು ವೈದ್ಯರ ಅಪ್ಪಣೆಯಿಲ್ಲದೆ ಯಾವ ಮೂಲಿಕೆಯನ್ನೂ ಸೇವಿಸಲಾಗದು. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣ ತಾಳುವುದು, ಹಸಿವು ಅಡಗುವುದು ಕಂಡೊಡನೆ ಕಷಾಯವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕುದು. ಕುಡಿದುದನ್ನು ವೈದ್ಯರಿಂದ ಮುಚ್ಚಿಡಬಾರದು.

ಬಿನ್ನಿಪೇಟೆಯ ಜನರಿಗೆ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆ ದೂರವಲ್ಲ. ನೆರೆಮನೆಯವರ ಮಾತಿಗಿಂತ ಅಲ್ಲಿನ ವೈದ್ಯರ ಮಾತು ಮೇಲು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನಂಥವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡಿದ್ದರು. ಕಾಯಕಕ್ಕೆ ಅರಿವು ಬೇಕು. ಅರಿವಿಲ್ಲದೆ ಕೊಟ್ಟ ಮದ್ದು ಪ್ರೀತಿಯಿಂದ ಕೊಟ್ಟುದಾದರೂ ಕೇಡನ್ನೇ ತಂದೀತು. ಮನೆಯ ಹಿರಿಯರು ಕಷಾಯದ ಬಟ್ಟಲನ್ನು ಮುಂದಿಟ್ಟಾಗ 'ಇದು ಯಾವ ಬಳ್ಳಿ? ಎಷ್ಟು? ಯಾರು ಹೇಳಿದರು?' ಎಂದು ವಿನಯದಿಂದ ಕೇಳುವುದು ಅವಿಧೇಯತೆಯಲ್ಲ; ಅದು ವಿದ್ಯಾರ್ಥಿಯ ಧರ್ಮ.