ಟಿ.ವಿ. ಆನ್ ಆಗದಿದ್ದರೆ: ಪ್ಲಗ್‌ನಿಂದ ಪ್ಯಾನೆಲ್‌ವರೆಗೆ

ಏಪ್ರಿಲ್–ಮೇ ತಿಂಗಳ ಗುಡುಗು-ಸಿಡಿಲಿನ ಮಳೆ ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ರಿಪೇರಿ ಅಂಗಡಿಗಳಿಗೆ ಕೈತುಂಬ ಕೆಲಸ. "ಪ್ಯಾನೆಲ್ ಹೋಗೇತ್ರಿ, ಹೊಸಾದ ತಗೋರಿ" ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಒಂದೊಂದಾಗಿ ಪರೀಕ್ಷಿಸಿ. ಆನ್ ಆಗದ ಟಿ.ವಿ.ಯಲ್ಲಿ ಬಹಳ ಸಲ ಕೆಟ್ಟಿರುವುದು ಪವರ್ ಬೋರ್ಡ್ ಅಥವಾ ಬ್ಯಾಕ್‌ಲೈಟ್. ಎರಡನ್ನೂ ರಿಪೇರಿ ಮಾಡಬಹುದು.

1. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಸ್ಟೆಬಿಲೈಸರ್, ಎಕ್ಸ್‌ಟೆನ್ಶನ್ ಬಾಕ್ಸ್ ತೆಗೆದು ಟಿ.ವಿ.ಯನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಕೊಡಿ.

2. ಸ್ಟ್ಯಾಂಡ್‌ಬೈ ದೀಪ ಗಮನಿಸಿ. ದೀಪವೇ ಇಲ್ಲದಿದ್ದರೆ ವಯರ್ ಅಥವಾ ಪವರ್ ಬೋರ್ಡ್ ಮೇಲೆ ಅನುಮಾನಪಡಿ. ದೀಪವಿದ್ದೂ ಆನ್ ಆಗದಿದ್ದರೆ ರಿಮೋಟ್ ಅಥವಾ ಮೇನ್ ಬೋರ್ಡ್. ಮಿಟುಕುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದಿಡಿ. ಹಲವು ಕಂಪನಿಗಳಲ್ಲಿ ಆ ಎಣಿಕೆಯೇ ದೋಷದ ಗುರುತು.

3. ರಿಮೋಟ್‌ನ ತುದಿಯನ್ನು ಮೊಬೈಲ್‌ನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಬೆಳಕು ಮಿನುಗಿದರೆ ರಿಮೋಟ್ ಸರಿಯಿದೆ. ಟಿ.ವಿ.ಯ ಅಂಚಿನಲ್ಲಿರುವ ಬಟನ್ನನ್ನೂ ಒತ್ತಿ ನೋಡಿ.

4. ಪ್ಲಗ್ ಕಿತ್ತು, ಆ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಹ್ಯಾಂಗ್ ಆದ ಸ್ಮಾರ್ಟ್ ಟಿ.ವಿ.ಗಳು ಇಷ್ಟಕ್ಕೇ ಎದ್ದುಬಿಡುತ್ತವೆ.

5. ಸೌಂಡ್ ಬಂದು ಪರದೆ ಕಪ್ಪಾಗಿದೆಯೇ? ಕೋಣೆಯ ದೀಪ ಆರಿಸಿ, ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಸತ್ತಿರುವುದು ಬ್ಯಾಕ್‌ಲೈಟ್. ಒಳಗಿನ ಎಲ್‌ಇಡಿಗಳು ಸೀರೀಸ್‌ನಲ್ಲಿ ಇರುವುದರಿಂದ ಒಂದು ಸುಟ್ಟರೂ ಸಾಲೆಲ್ಲ ಆರುತ್ತದೆ. ಒಂದೇ ಎಲ್‌ಇಡಿ ಬದಲಿಸಿ ಕೈತೊಳೆದುಕೊಳ್ಳಬೇಡಿ. ಉಳಿದವೂ ಅಷ್ಟೇ ಕಾಲ ಉರಿದು ಸವೆದಿವೆ. ಪಟ್ಟಿಗಳ ಸೆಟ್ಟನ್ನೇ ಹಾಕಿಸಿ, ಆಮೇಲೆ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟ್ ಸ್ವಲ್ಪ ಇಳಿಸಿ.

6. ಮನೆಯ ಲೈನ್ ಪರೀಕ್ಷಿಸದೆ ರಿಪೇರಿಯಾದ ಟಿ.ವಿ. ಹಚ್ಚಬೇಡಿ. ಈ ಭಾಗದಲ್ಲಿ ನನಗೆ ಅತಿ ಮುಖ್ಯವೆನಿಸುವ ಸೂತ್ರ ಇದು. ಕಂಬದಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಏರಬಹುದು. ಒಂದು ಮನೆಯ ಬಲ್ಬ್ ಝಗ್ಗನೆ ಉರಿದು ಪಕ್ಕದ ಮನೆಯದು ಮಂಕಾದರೆ ಮೇನ್ ಸ್ವಿಚ್ ಇಳಿಸಿ, ಲೈನ್‌ಮನ್‌ಗೆ ಹೇಳಿ. ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ ತಿಳಿಸಬೇಕು. ಹುಕ್ಕೇರಿ ಭಾಗದಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟ್ ಕೊಡುತ್ತದೆ, ಅಲ್ಲಿಯವರು ಸಂಘಕ್ಕೇ ಹೇಳಬೇಕು. ಊರಾಚೆ ತೋಟದ ಮನೆಯವರು ಇನ್ನಷ್ಟು ಎಚ್ಚರವಾಗಿರಿ. ಲೈನಿನ ಕೊನೆಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ.

7. ಕೆಲಸ ಕಲಿಯುತ್ತಿರುವ ಹುಡುಗರಿಗೆ: ಫ್ಯೂಸ್ ಹೋಗಿದ್ದರೆ ಅದರ ಪಕ್ಕದ ಬಿಲ್ಲೆಯಂಥ ವೇರಿಸ್ಟರ್ ಒಡೆದಿದೆಯೇ ನೋಡಿ. ಒಡೆದಿದ್ದರೆ ವೋಲ್ಟೇಜ್ ಏರಿತ್ತೆಂದೇ ತಿಳಿಯಿರಿ. ಹೊಸ ಫ್ಯೂಸ್ ಹಾಕಿ ನೇರ ಕರೆಂಟ್ ಕೊಡಬೇಡಿ. 60 ಅಥವಾ 100 ವ್ಯಾಟ್‌ನ ಹಳೆಯ ಬಲ್ಬಿನ ಸೀರೀಸ್ ಬೋರ್ಡ್ ಮೂಲಕ ಕೊಡಿ. ಬಲ್ಬ್ ಮಿಂಚಿ ಮಂಕಾದರೆ ಒಳ್ಳೆಯದು, ಪೂರ್ತಿ ಉರಿಯುತ್ತಲೇ ಇದ್ದರೆ ಇನ್ನೂ ಶಾರ್ಟ್ ಇದೆ. ತಲೆ ಉಬ್ಬಿದ ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದೇ ಆಗಲಿ. ಕಲಿಯದವರು ಹಿಂಬದಿ ಬಿಚ್ಚಲೇಬೇಡಿ. ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಜೀವಕ್ಕಿಂತ ಟಿ.ವಿ. ದೊಡ್ಡದಲ್ಲ.

8. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಕಿತ್ತಿಡಿ, ಡಿಶ್ ಕೇಬಲ್ಲನ್ನೂ ಬಿಡಿಸಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಡಿಶ್ ಕೇಬಲ್‌ನಿಂದ ಇಳಿದು ಎಚ್‌ಡಿಎಂಐ ದಾರಿಯಲ್ಲಿ ಮೇನ್ ಬೋರ್ಡ್ ಸುಡುತ್ತದೆ.

9. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದಂತೆ ಮತ್ತೆ ನೀರು ಬಂದರೆ, ನೆನೆದ ಟಿ.ವಿ.ಗೆ "ನೋಡೋಣ" ಎಂದು ಕರೆಂಟ್ ಕೊಡಬೇಡಿ. ಬೋರ್ಡಿಗೆ ಅಂಟಿದ ಕೆಸರು ತೇವ ಹಿಡಿದಿಟ್ಟು ಶಾರ್ಟ್ ಮಾಡುತ್ತದೆ. ಮೊದಲು ಮೆಕ್ಯಾನಿಕ್ ಬಿಚ್ಚಿ ತೊಳೆದು ಪೂರ್ತಿ ಒಣಗಿಸಲಿ.

10. ಅಂಗಡಿಯಲ್ಲಿ "ಎಷ್ಟಾಗ್ತದ?" ಎನ್ನುವ ಮೊದಲು "ಯಾವ ಬೋರ್ಡ್ ಹೋಗೇತ್ರಿ? ಎಷ್ಟು ವೋಲ್ಟ್ ಬರಾಕತ್ತೇತಿ?" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಮೀಟರ್ ಹಚ್ಚಿ ತೋರಿಸುತ್ತಾನೆ. ತೆಗೆದ ಹಳೆಯ ಪಾರ್ಟ್ ಕೇಳಿ ಪಡೆಯಿರಿ, ಬದಲಿಸಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.