ಉಣ್ಣೆಯಲ್ಲಿ ಅರಳುವ ಅಣಬೆ

ಮಳೆಗಾಲದಲ್ಲಿ ಮಲೆನಾಡಿನ ಸತ್ತ ಮರದ ದಿಮ್ಮಿಗಳ ಮೇಲೆ ಬೀಸಣಿಗೆಯಂತೆ ಅರಳುವ ಅಣಬೆಗಳೇ ನನ್ನ ಫೆಲ್ಟ್ (ಎಳೆಗಳನ್ನು ಒತ್ತಿ ಬೆಸೆದ ಉಣ್ಣೆ) ಶಿಲ್ಪಗಳಿಗೆ ಗುರು. ಅವುಗಳ ಅಂಚು ಅಲೆಅಲೆಯಾಗಿರುವುದು ಯಾಕೆ? ನಡುಭಾಗಕ್ಕಿಂತ ಅಂಚು ಹೆಚ್ಚು ಬೆಳೆದರೆ ಹರಡಿಕೊಳ್ಳಲು ಜಾಗ ಸಾಲದೆ ಮಡಿಕೆ ಬೀಳುತ್ತದೆ. ಎಷ್ಟೋ ಎಲೆಗಳ ಅಂಚು ನಿರಿಗೆಗಟ್ಟುವುದೂ ಹೀಗೇ. ಇದು ತಿಳಿದ ಮೇಲೆ ನನ್ನ ಕೆಲಸದ ದಾರಿಯೇ ಬದಲಾಯಿತು.

ಫೆಲ್ಟ್‌ಗೆ ನೂಲೂ ಬೇಡ, ಮಗ್ಗವೂ ಬೇಡ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಹಿಂಜಿದ ಉಣ್ಣೆಯನ್ನು ಅಡ್ಡಕ್ಕೊಂದು ಉದ್ದಕ್ಕೊಂದು ಪದರವಾಗಿ ಹಾಸಿ, ಬಿಸಿ ಸೋಪಿನ ನೀರು ಚಿಮುಕಿಸಿ, ಮೊದಲು ಅಂಗೈಯಲ್ಲಿ ಹಗುರಾಗಿ ತಿಕ್ಕಬೇಕು. ಆಮೇಲೆ ಚಾಪೆಯಲ್ಲಿ ಸುತ್ತಿ ಉರುಳಿಸುತ್ತಾ ಹೋದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಹಾಸು ಕುಗ್ಗುತ್ತದೆ. 6 ಅಂಗುಲದ ಅಣಬೆ ಬೇಕೆಂದರೆ ನಾನು 9 ಅಂಗುಲ ಹಾಸುತ್ತೇನೆ. ಉರುಳಿಸಿದ ದಿಕ್ಕಿನಲ್ಲೇ ಕುಗ್ಗುವುದು ಹೆಚ್ಚು.

ಸೈಬೀರಿಯಾದ ಪಾಜಿರಿಕ್ ಸಮಾಧಿಗಳಲ್ಲಿ ಸಿಕ್ಕ, 2000 ವರ್ಷಕ್ಕೂ ಹಳೆಯದಾದ ಫೆಲ್ಟ್ ಹಂಸ ಒಳಗೆ ತುಂಬಿ ಉಬ್ಬಿಸಿದ್ದು. ನಾನು ಏನನ್ನೂ ತುಂಬುವುದಿಲ್ಲ. ಕುಗ್ಗಿಸಿಯೇ ಆಕಾರ ಬರಿಸುತ್ತೇನೆ. ಅಣಬೆ ಅಂಚನ್ನು ಬೆಳೆಸುತ್ತದೆ, ನಾನು ನಡುವನ್ನು ಕುಗ್ಗಿಸುತ್ತೇನೆ. ಎರಡರಲ್ಲೂ ಏಳುವುದು ಅದೇ ಅಲೆ.

ಇದಕ್ಕೆ ಒದಗಿಬಂದದ್ದು ನಮ್ಮ ದಖ್ಖನಿ ಕುರಿ. ಚಿತ್ರದುರ್ಗ, ಬೆಳಗಾವಿ ಕಡೆ ಕುರುಬರು ಕಂಬಳಿ ನೇಯುವ ಈ ಕರಿ ಉಣ್ಣೆ ಒರಟು. ಮೆರಿನೋ ಕುರಿಯ ನಯವಾದ ಉಣ್ಣೆಯಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಕೊಳ್ಳುವವರಿಲ್ಲದೆ ಎಷ್ಟೋ ಕಡೆ ಕತ್ತರಿಸಿದಲ್ಲೇ ಬಿಟ್ಟುಬಿಡುತ್ತಾರೆ. ನನಗೆ ಬೇಕಾದದ್ದು ಸುಲಭವಾಗಿ ಕುಗ್ಗದ ಆ ಗುಣವೇ. ನಡುವಿಗೆ ಮೆರಿನೋ, ಅಂಚಿಗೆ ದಖ್ಖನಿ ಹಾಸಿ, ಎರಡೂ ಕೂಡುವಲ್ಲಿ ಪದರಗಳನ್ನು ಒಂದರೊಳಗೊಂದು ಬೆರೆಸುತ್ತೇನೆ. ಉರುಳಿಸುತ್ತಿದ್ದಂತೆ ನಡು ಬಿಗಿಯುತ್ತದೆ, ಅಂಚು ತಾನಾಗಿ ಅಲೆಯೇಳುತ್ತದೆ. ಬಿರುಸು ಕೂದಲು ಅಲ್ಲಲ್ಲಿ ಹೊರಗಿಣುಕಿ, ಮುಟ್ಟಿದರೆ ತೊಗಟೆಯ ತರಿತರಿ ಕೈಗೆ ಸಿಗುತ್ತದೆ. ಮೆರಿನೋ ಒಂದರಿಂದಲೇ ಈ ಮೈ ಬರುವುದಿಲ್ಲ.

ಈ ಕಲೆಗೆ ಕೈ ಹಾಕುವವರಿಗೆ ನನ್ನ ಮಾತು ಇಷ್ಟು. ಎಲೆಯ ಚಿತ್ರ ಬರೆದುಕೊಂಡು ಅದರಂತೆ ಕತ್ತರಿಸಲು ಹೋಗಬೇಡಿ. ಅದು ಎಲ್ಲಿ ಹೆಚ್ಚು ಬೆಳೆದಿದೆ, ಎಲ್ಲಿ ಕಡಿಮೆ ಎಂದು ಬೆರಳಾಡಿಸಿ ನೋಡಿ. ಸಿಕ್ಕ ಪ್ರತಿ ಉಣ್ಣೆಯಲ್ಲೂ ಅಂಗೈಯಗಲದ ತುಂಡು ಮಾಡಿ, ಹಾಸಿದಾಗಿನ ಅಳತೆ, ಒಣಗಿದ ಮೇಲಿನ ಅಳತೆ ಎರಡನ್ನೂ ಬರೆದಿಡಿ. ಹತ್ತಿರದ ಕುರಿಮಂದೆಯಿಂದಲೇ ಶುರು ಮಾಡಿ, ಕುರಿಗಾಹಿಗೆ ಅವನ ಉಣ್ಣೆಯ ಬೆಲೆ ಕೊಟ್ಟೇ ತನ್ನಿ.